ದೊಡ್ಡಮ್ಮನ ಸಹಿಗೆ ಸಾಕ್ಷಿ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಇದನ್ನು ಬರೆಯಬೇಕಾದವಳು ನಾನಲ್ಲ. ಕಾನೂನು ಓದಿದವರು ಯಾರಾದರೂ ಬರೆದಿದ್ದರೆ ಯಾವ ಕಲಮು, ಯಾವ ತಿದ್ದುಪಡಿ ಎಂದು ಸರಿಯಾಗಿ ಹೇಳುತ್ತಿದ್ದರು. ನಾನು ಓದಿದ್ದು ಸಂಜೆ ಶಾಲೆಯಲ್ಲಿ, ಅದೂ ಇಪ್ಪತ್ತೆರಡು ತುಂಬಿದ ಮೇಲೆ, ದಿನದ ಕೆಲಸ ಮುಗಿಸಿ ಬಂದು ಅರ್ಧ ಪಾಠಕ್ಕೆ ತೂಕಡಿಸುತ್ತಾ. ಬರೆಯಲಾ ಎಂದು ದೊಡ್ಡಮ್ಮನನ್ನು ಕೇಳಿದೆ. "ಬರ್ಕೋ, ನನ್ನೇನು ಕೇಳ್ತೀಯ" ಎಂದಳು. ಅದು ಒಪ್ಪಿಗೆಯೋ ಸಿಟ್ಟೋ ತಿಳಿಯಲಿಲ್ಲ. ಒಪ್ಪಿಗೆ ಎಂದುಕೊಂಡು ಶುರು ಮಾಡಿದ್ದೇನೆ.

ನಾವಿಬ್ಬರೂ ಒಂದೇ ಲಾಂಡ್ರಿಯಲ್ಲಿ ಕೆಲಸಕ್ಕಿದ್ದೆವು. ಮೂರು ಆಸ್ಪತ್ರೆಗಳ ಚಾದರ, ದಿಂಬಿನ ಚೀಲ, ಹಸಿರು ಗೌನು ಎಲ್ಲ ಅಲ್ಲಿಗೇ ಬರುತ್ತವೆ. ದೊಡ್ಡಮ್ಮ ಎಂದರೆ ನನ್ನ ಅಮ್ಮನ ಅಕ್ಕ. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು. ಮೂವತ್ತೆರಡು ವರ್ಷ ಅವಳು ನಿಂತದ್ದು ರೋಲರ್ ಇಸ್ತ್ರಿಯ ಮುಂದೆ. ಒದ್ದೆ ಚಾದರದ ಎರಡು ಮೂಲೆ ಹಿಡಿದು, ಒಮ್ಮೆ ಕೊಡವಿ, ಬಿಸಿ ಉರುಳೆಯ ಬಾಯಿಗೆ ನೇರವಾಗಿ ಕೊಡಬೇಕು. ಅದು ಎಳೆದುಕೊಳ್ಳುವಾಗ ಕೊನೆಯ ಗಳಿಗೆಯವರೆಗೂ ಹೆಬ್ಬೆರಳಿನಿಂದ ಅಂಚನ್ನು ತೀಡುತ್ತಲೇ ಇರಬೇಕು, ಇಲ್ಲದಿದ್ದರೆ ಸುಕ್ಕು ಕೂತುಬಿಡುತ್ತದೆ. ನಾನು ಗುರುತಿನ ಮೇಜಿನವಳು. ಯಾವ ಆಸ್ಪತ್ರೆ, ಯಾವ ವಾರ್ಡು ಎಂದು ಸಣ್ಣ ಬಟ್ಟೆಯ ಪಟ್ಟಿಯ ಮೇಲೆ ಅಳಿಸದ ಶಾಯಿಯಲ್ಲಿ ಬರೆದು ಹೊಲಿಗೆಗೆ ಕೊಡುತ್ತೇನೆ. ನನ್ನ ಅಕ್ಷರ ದುಂಡಗಿದೆ ಎಂದು ಎಲ್ಲರೂ ಹೇಳುತ್ತಾರೆ. ಕೇಳಿ ಹಿಗ್ಗಿದ್ದೂ ಉಂಟು, ಸುಳ್ಳು ಯಾಕೆ ಹೇಳಲಿ.

ಪಾಳಿ ಬೆಳಗ್ಗೆ ಆರಕ್ಕೆ. ನಮ್ಮ ಬೀದಿಯಿಂದ ಲಾಂಡ್ರಿಗೆ ಹೋಗುವ ಮೊದಲ ಬಸ್ಸು ಐದೂಕಾಲಿಗೆ, ಅದು ಬಿಟ್ಟರೆ ಏಳಕ್ಕೆ. ಮೊದಲ ಬಸ್ಸಿಗೆ ಜನ ಸಾಲದು, ಅದನ್ನು ನಿಲ್ಲಿಸುತ್ತೇವೆ ಎಂದು ನಗರಸಭೆಯವರು ಹೇಳಿದಾಗ ಬಸ್ಸಿನಲ್ಲಿದ್ದ ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಾವು ಜನವಲ್ಲವೇ ಎನ್ನುವ ಹಾಗೆ. ನಡೆದುಹೋದರೆ ಐವತ್ತು ನಿಮಿಷ. ದೊಡ್ಡಮ್ಮನ ಮಂಡಿಗೆ ಅದು ಆಗದ ಮಾತು. ಆ ಬಸ್ಸು ನಿಂತರೆ ಅವಳು ಕೆಲಸ ಬಿಡಬೇಕಿತ್ತು.

ಅದೇ ಬಸ್ಸಿನಲ್ಲಿ ಹತ್ತೊಂಬತ್ತು ವರ್ಷ ಟಿಕೆಟ್ ಹರಿದ ಕಂಡಕ್ಟರಮ್ಮ ಆಗ ತಾನೇ ನಿವೃತ್ತಿಯಾಗಿದ್ದಳು. ಬಸ್ಸು ಉಳಿಸುತ್ತೇನೆ ಎಂದು ನಮ್ಮ ವಾರ್ಡಿನಿಂದ ನಗರಸಭೆಯ ಚುನಾವಣೆಗೆ ನಿಂತಳು. ಪ್ರಚಾರಕ್ಕೂ ಅದೇ ಬಸ್ಸು ಹತ್ತಿ, ಅದೇ ಕಂಬ ಹಿಡಿದು ನಿಂತು ಹೇಳಿದಳು:

"ಏನ್ರಮ್ಮಾ, ಇಷ್ಟು ವರ್ಷ ನಿಮ್ಮನ್ನೆಲ್ಲ ನಾನು ಒಳಗೆ ಹತ್ತಿಸ್ಕೊಂಡಿದೀನಿ. ಒಂದ್ಸಲ ನೀವು ನನ್ನ ಹತ್ತಿಸಿ ನೋಡೋಣ."

"ಹತ್ತಿದ ಮೇಲೆ ಮುಂದೆ ಹೋಗಿ ಮುಂದೆ ಹೋಗಿ ಅಂತ ಬೈಯಲ್ಲ ತಾನೆ?" ಎಂದಳು ದೊಡ್ಡಮ್ಮ.

"ನಿನ್ನ ಬೈದು ಬದುಕಿದೋರುಂಟಾ ಅಕ್ಕಾ!"

ಬಸ್ಸೆಲ್ಲ ನಕ್ಕಿತು. ನನ್ನ ಓಟು ನಿಂಗೇ, ಬರೆದಿಟ್ಕೋ ಎಂದಳು ದೊಡ್ಡಮ್ಮ, ಎಲ್ಲರಿಗೂ ಕೇಳುವ ಹಾಗೆ.

ಆ ಓಟೇ ಇರಲಿಲ್ಲ. ಗ್ರಂಥಾಲಯದ ಗೋಡೆಗೆ ಮತದಾರರ ಪಟ್ಟಿ ಅಂಟಿಸಿದ್ದರು. ನಮ್ಮ ಮನೆ ನಂಬರಿನ ಮುಂದೆ ನನ್ನ ಹೆಸರಿತ್ತು, ಅವಳದಿಲ್ಲ. ನಾನು ಬೆರಳಿಟ್ಟು ಮೇಲಿಂದ ಕೆಳಗೆ ಮೂರು ಸಲ ಓದಿದೆ. ಹಿಂದಿನ ಬೀದಿ, ಮುಂದಿನ ಬೀದಿ ಎಲ್ಲ ಓದಿದೆ. "ಇನ್ನೊಂದ್ಸಲ ನೋಡೇ, ನಿನ್ನ ಕಣ್ಣಿಗೆ ತಪ್ಪಿರ್ಬೇಕು" ಎಂದಳು. ತಪ್ಪಿರಲಿಲ್ಲ.

ಚುನಾವಣಾ ಕಚೇರಿಯ ಕಿಟಕಿ ತೆರೆಯುವುದು ಹತ್ತಕ್ಕೆ, ಮುಚ್ಚುವುದು ಒಂದಕ್ಕೆ. ನಮ್ಮ ಪಾಳಿ ಮುಗಿಯುವುದು ಎರಡಕ್ಕೆ. ಅರ್ಧ ದಿನದ ರಜೆ ಹಾಕಿ ಹೋದೆವು. ಕಿಟಕಿಯ ಆಚೆ ಕೂತಿದ್ದ ಗುಮಾಸ್ತೆ ನನಗಿಂತ ಚಿಕ್ಕವಳು, ಕೆಟ್ಟವಳೇನಲ್ಲ. ಕಂಪ್ಯೂಟರಿನಲ್ಲಿ ಹುಡುಕಿ ಹೇಳಿದಳು, "ಹೊಸ ಕಾನೂನು ಅಮ್ಮ. ಸತತ ಎರಡು ಚುನಾವಣೆಗೆ ಬರದೇ ಇದ್ರೆ ಹೆಸರು ತಾನಾಗೇ ಹೋಗುತ್ತೆ."

ಬರದೇ ಇದ್ದದ್ದು ನಿಜ. ಒಮ್ಮೆ ಆಸ್ಪತ್ರೆಗಳಲ್ಲಿ ಜ್ವರದವರು ತುಂಬಿ ಚಾದರಗಳ ರಾಶಿ ಛಾವಣಿ ಮುಟ್ಟಿದಾಗ ಎರಡು ಪಾಳಿ ಒಟ್ಟಿಗೆ ನಿಂತಿದ್ದಳು. ಇನ್ನೊಮ್ಮೆ ಮಂಡಿಗೆ ನೀರು ತುಂಬಿ ಹಾಸಿಗೆ ಹಿಡಿದಿದ್ದಳು. ಅದಕ್ಕೂ ಮುಂಚಿನ ಮೂವತ್ತು ವರ್ಷ ಒಂದನ್ನೂ ತಪ್ಪಿಸಿರಲಿಲ್ಲ.

"ಮೂವತ್ತು ವರ್ಷ ಹಾಕಿದ್ದು ಲೆಕ್ಕಕ್ಕಿಲ್ವಾ?"

"ಅದಕ್ಕೆ ಕಾಲಂ ಇಲ್ಲಮ್ಮ" ಎಂದಳು ಗುಮಾಸ್ತೆ.

ಮತ್ತೆ ನೋಂದಾಯಿಸಲು ಒಂದು ಅರ್ಜಿ ಕೊಟ್ಟಳು. ಮನೆಗೆ ತಂದು ತುಂಬಿ, ಮುಂದಿನ ವಾರ ಇನ್ನೊಂದು ಅರ್ಧ ದಿನ ರಜೆ ಹಾಕಿ ಹೋದರೆ, ಅದು ಹೊಸಬರ ಅರ್ಜಿ, ಹೆಸರು ಹೋದವರದು ಬೇರೆ ಬಣ್ಣದ್ದು ಎಂದರು. ಬೇರೆ ಬಣ್ಣದ್ದು ಅಂದು ಮುಗಿದಿತ್ತು. ಮೂರನೆಯ ಸಲ ಸಿಕ್ಕಿತು. ಅಷ್ಟರಲ್ಲಿ ಕೊನೆಯ ದಿನಕ್ಕೆ ಉಳಿದದ್ದು ಒಂದೇ ದಿನ. ಲಾಂಡ್ರಿಯ ಮೇಲ್ವಿಚಾರಕ "ನಿಮ್ಮಿಬ್ಬರಿಗೂ ರಜೆ ಕೊಟ್ಟು ಕೊಟ್ಟು ನಾನೇ ಚುನಾವಣೆಗೆ ನಿಂತಂಗಾಯ್ತು" ಎಂದು ಗೊಣಗಿದ.

ಇಲ್ಲಿ ಸಹಿಯ ವಿಷಯ ಹೇಳಬೇಕು. ಹೇಳಲು ಕಷ್ಟವಾಗುತ್ತದೆ, ಯಾಕೆಂದರೆ ಎಲ್ಲ ಅಲ್ಲಿಂದಲೇ ಶುರುವಾದದ್ದು, ಶುರು ಮಾಡಿದವಳು ನಾನು.

ದೊಡ್ಡಮ್ಮ ಯಾವತ್ತೂ ಹೆಬ್ಬೆಟ್ಟು ಒತ್ತುತ್ತಿದ್ದವಳು. ಹಾಜರಿ ಪುಸ್ತಕಕ್ಕೂ ಅದೇ, ಓಟಿಗೂ ಅದೇ. ನಾನು ಸಂಜೆ ಶಾಲೆ ಮುಗಿಸಿದ ಹುರುಪಿನಲ್ಲಿ, ನಿಂಗೂ ಹೆಸರು ಬರೆಯೋದು ಕಲಿಸ್ತೀನಿ ಎಂದು ಹಿಂದೆ ಬಿದ್ದೆ. ಚಹಾದ ಬಿಡುವಿನಲ್ಲಿ ಮಡಿಚುವ ಸ್ಟೀಲ್ ಮೇಜಿನ ಮೇಲೆ ಒದ್ದೆ ಬೆರಳಿನಿಂದ ತಿದ್ದಿಸಿದೆ. ನೀರು ಆರುವುದರೊಳಗೆ ಬರೆದು ಮುಗಿಸಬೇಕು, ಅದೇ ಆಟ. ಆಮೇಲೆ ಒಂದು ಬಟ್ಟೆಯ ಪಟ್ಟಿಯ ಮೇಲೆ ಅವಳ ಹೆಸರನ್ನು ಅಳಿಸದ ಶಾಯಿಯಲ್ಲಿ ಬರೆದುಕೊಟ್ಟೆ. ಅವಳು ಅದನ್ನು ಚೀಲದಲ್ಲಿಟ್ಟುಕೊಂಡು ದಿನವೂ ನೋಡಿ ನೋಡಿ ಬರೆದಳು. ನಾಲ್ಕು ತಿಂಗಳಾಯಿತು. ಹಾಜರಿ ಪುಸ್ತಕದಲ್ಲಿ ಮೊದಲ ಸಲ ಸಹಿ ಹಾಕಿದ ದಿನ, ಯಂತ್ರ ರಿಪೇರಿಯ ಸ್ಪ್ಯಾನರ್ ಅಣ್ಣ ಪುಸ್ತಕವನ್ನೇ ಎತ್ತಿ ಎಲ್ಲರಿಗೂ ತೋರಿಸಿಕೊಂಡು ಬಂದ. "ನೋಡ್ರಪ್ಪಾ, ಇನ್ಮೇಲೆ ದೊಡ್ಡಮ್ಮ ಆಫೀಸರು. ರೋಲರ್ ಮುಂದೆ ನಾವು ನಿಲ್ಲೋದು, ಅವರು ಸಹಿ ಹಾಕೋದು."

"ನಿನ್ನ ಕೈಗೆ ಕೊಟ್ರೆ ಚಾದರ ಅಲ್ಲ, ಸುಕ್ಕಿನ ಗುಡ್ಡ ಬರುತ್ತೆ" ಎಂದಳು ದೊಡ್ಡಮ್ಮ. ಮುಖವೆಲ್ಲ ನಗು.

ಹಾಗಾಗಿ ಅರ್ಜಿ ತುಂಬುವ ಸಂಜೆ ಹೆಬ್ಬೆಟ್ಟಿನ ಮಾತೇ ಬರಲಿಲ್ಲ. ಹೆಸರು, ವಿಳಾಸ, ಹುಟ್ಟಿದ ವರ್ಷ ಎಲ್ಲ ನಾನು ಬರೆದೆ. "ಅರ್ಜಿ ತುಂಬಲು ನೆರವಾದವರು" ಎಂಬ ಜಾಗದಲ್ಲಿ ನನ್ನ ಹೆಸರನ್ನೂ ಬರೆದು ಸಹಿ ಹಾಕಿದೆ. ಬರೆಯದೇ ಇದ್ದರೆ ಅಪರಾಧ ಎಂದು ಕೆಳಗೆ ಅಚ್ಚಾಗಿತ್ತು. ಕೊನೆಗೆ ಪೆನ್ನನ್ನು ಅವಳ ಕೈಗೆ ಕೊಟ್ಟೆ. ಅಷ್ಟು ಹೊತ್ತಿಗೆ ಒಲೆಯ ಮೇಲಿನ ಹಾಲು ಉಕ್ಕಿತು. ಎದ್ದು ಓಡಿದೆ. ಉರಿ ಆರಿಸಿ, ಬಟ್ಟೆ ತಂದು ಒರೆಸಿ, ತಿರುಗಿ ಬಂದರೆ ಅವಳು ಕಾಗದದ ಮೇಲೆ ಉಫ್ ಉಫ್ ಎಂದು ಊದುತ್ತಿದ್ದಳು.

"ಹೇಗಿದೆ?"

"ಅಚ್ಚು ಹಾಕಿದಂಗಿದೆ ದೊಡ್ಡಮ್ಮ."

ನಿಜವಾಗಿಯೂ ಹಾಗೇ ಇತ್ತು. ಅಂಥ ಸಹಿ ಅವಳು ಅದಕ್ಕೆ ಮುಂಚೆಯೂ ಹಾಕಿರಲಿಲ್ಲ, ಆಮೇಲೂ ಹಾಕಲಿಲ್ಲ. ಮರುದಿನ ಒಂದಕ್ಕೆ ಐದು ನಿಮಿಷವಿರುವಾಗ ಕಿಟಕಿಯಲ್ಲಿ ಕೊಟ್ಟು, ರಸೀದಿ ಪಡೆದು, ಇಬ್ಬರೂ ನಿಟ್ಟುಸಿರು ಬಿಟ್ಟೆವು.

ಹತ್ತು ದಿನಕ್ಕೆ ಪತ್ರ ಬಂತು. ಎರಡು ದೋಷ ಬರೆದಿದ್ದರು. ಒಂದು, ಕಚೇರಿಯ ಹಳೆಯ ದಾಖಲೆಯಲ್ಲಿ ಹೆಬ್ಬೆಟ್ಟಿದೆ, ಅರ್ಜಿಯಲ್ಲಿ ಸಹಿಯಿದೆ, ತಾಳೆಯಾಗುತ್ತಿಲ್ಲ. ಎರಡು, ಅರ್ಜಿದಾರರ ಸಹಿಯ ಅಕ್ಷರವೂ ನೆರವಾದವರ ಅಕ್ಷರವೂ ಒಂದೇ ಕೈಯದೆಂದು ತೋರುತ್ತದೆ. ವಿಚಾರಣೆಗೆ ಇಬ್ಬರೂ ಬರತಕ್ಕದ್ದು. ಬೇರೊಬ್ಬರ ಸಹಿ ಹಾಕಿದವರಿಗೆ ಒಂದು ವರ್ಷದವರೆಗೆ ಸೆರೆ.

ಎರಡನೆಯ ದೋಷವನ್ನು ಇನ್ನೊಮ್ಮೆ ಓದಿದೆ. ಒಂದೇ ಕೈಯದೆಂದು ತೋರದೆ ಇನ್ನೇನು? ಅವಳು ಕಲಿತದ್ದೇ ನನ್ನ ಅಕ್ಷರ ನೋಡಿ. ನಾನು ಗುಡಿಸಿಗೆ ಕೊಡುವ ಬಾಗು, ಕೊಂಬಿಗೆ ಕೊಡುವ ಸುತ್ತು, ಎಲ್ಲವನ್ನೂ ಹಾಗೇ ಎತ್ತಿಕೊಂಡಿದ್ದಳು. ಬೇರೆ ಯಾರಾದರೂ ಬರೆದ ಮಾದರಿ ಕೊಡಿಸಬೇಕಿತ್ತು ಎಂದು ಆಗ ಹೊಳೆಯಿತು. ಅಚ್ಚಿನ ಪುಸ್ತಕ ಇತ್ತಲ್ಲ, ಅದನ್ನಾದರೂ ಇಡಬಹುದಿತ್ತು.

ದೊಡ್ಡಮ್ಮ ಹೆದರಲಿಲ್ಲ. "ಅಷ್ಟೇ ತಾನೆ? ಹೋಗಿ ಅವರ ಮುಂದೇನೇ ಒತ್ತಿ ಬರ್ತೀನಿ. ಹೆಬ್ಬೆರಳೇನು ಓಡಿ ಹೋಗಿದೆಯಾ?"

ವಿಚಾರಣೆ ನಡೆದದ್ದು ಕಿಟಕಿಯ ಹಿಂದಿನ ಕೋಣೆಯಲ್ಲಿ. ಅದೇ ಗುಮಾಸ್ತೆ. ಮೇಜಿನ ಮೇಲೆ ಸಣ್ಣ ಗಾಜಿನ ಯಂತ್ರವಿತ್ತು. ದೊಡ್ಡಮ್ಮ ಹೆಬ್ಬೆರಳು ಇಟ್ಟಳು. ಪರದೆಯ ಮೇಲೆ ಬೂದುಬಣ್ಣದ ಒಂದು ಮೊಟ್ಟೆ ಮೂಡಿತು. ಗೆರೆ ಒಂದೂ ಇಲ್ಲ. ಒರೆಸಿ ಇಡಿ ಎಂದಳು ಗುಮಾಸ್ತೆ. ಒರೆಸಿ ಇಟ್ಟಳು. ಒದ್ದೆ ಮಾಡಿ ಇಡಿ. ಒದ್ದೆ ಮಾಡಿ ಇಟ್ಟಳು. ಆಮೇಲೆ ಶಾಯಿ ಪೆಟ್ಟಿಗೆ ತರಿಸಿ ಕಾಗದದ ಮೇಲೆ ಒತ್ತಿಸಿದರು. ನೀಲಿ ಮೊಟ್ಟೆ. ಬಿಸಿ ಉರುಳೆ, ಬ್ಲೀಚು ಮತ್ತು ಚಾದರದ ಅಂಚು ಸೇರಿ ಮೂವತ್ತೆರಡು ವರ್ಷದಲ್ಲಿ ಅವಳ ಹೆಬ್ಬೆರಳನ್ನು ಇಸ್ತ್ರಿ ಹಾಕಿಬಿಟ್ಟಿದ್ದವು. ನಾನು ಒಂದೇ ಮನೆಯಲ್ಲಿದ್ದೂ ಅದನ್ನು ಯಾವತ್ತೂ ತಿರುಗಿಸಿ ನೋಡಿರಲಿಲ್ಲ.

"ಹಾಗಾದ್ರೆ ಸಹಿ ಹಾಕಿ ತೋರಿಸಿ" ಎಂದಳು ಗುಮಾಸ್ತೆ.

ದೊಡ್ಡಮ್ಮ ಪೆನ್ನು ಹಿಡಿದಳು. ಶಾಯಿ ಪೆಟ್ಟಿಗೆ ತಂದವನೂ ಸೇರಿ ಮೂರು ಜನ ನೋಡುತ್ತಿದ್ದೆವು. ಕಾಗದ ಬೇರೆ ನುಣುಪು, ಮೇಜು ಎತ್ತರ, ಬೆರಳಿನ ತುಂಬ ಶಾಯಿಯ ಜಿಗುಟು. ಮೊದಲ ಅಕ್ಷರ ದೊಡ್ಡದಾಯಿತು, ಎರಡನೆಯದು ಅದರ ಕೆಳಗೆ ಇಳಿಯಿತು, ಕೊನೆಯದು ಅಂಚಿಗೆ ಬಂದು ಮುದುಡಿತು. ಅರ್ಜಿಯ ಪಕ್ಕ ಇಟ್ಟರೆ ತಾಯಿಗೂ ಮಗುವಿಗೂ ಇರುವಷ್ಟು ಹೋಲಿಕೆಯೂ ಇರಲಿಲ್ಲ.

"ಮೊನ್ನೆ ಚೆನ್ನಾಗಿ ಬಂದಿತ್ತಮ್ಮ. ಇವತ್ತು ಕೈ ಕೊಡ್ತು."

"ನಾನು ನಂಬ್ತೀನಿ ಅಮ್ಮ. ಫೈಲು ನಂಬಬೇಕಲ್ಲ" ಎಂದು ಗುಮಾಸ್ತೆ ನನ್ನ ಮುಂದೆ ಒಂದು ಕಾಗದ ಇಟ್ಟಳು. ನೆರವಾದವರ ಹೇಳಿಕೆ. "ಇದೊಂದು ಸರಿಯಾಗಿ ತುಂಬಿದ್ರೆ ಎಲ್ಲ ಸರಿಹೋಗುತ್ತೆ."

ಎಂಟು ಪ್ರಶ್ನೆಗಳು ಸುಲಭವಾಗಿದ್ದವು. ಒಂಬತ್ತನೆಯದು: ಅರ್ಜಿದಾರರು ಸಹಿ ಹಾಕುವುದನ್ನು ನೀವು ಕಣ್ಣಾರೆ ಕಂಡಿದ್ದೀರಾ? ಪಕ್ಕದಲ್ಲಿ ಹೌದು ಎಂದೊಂದು ಚೌಕ, ಇಲ್ಲ ಎಂದೊಂದು ಚೌಕ. ಕೆಳಗೆ ವಿವರಕ್ಕೆಂದು ಎರಡು ಗೆರೆ. ಅದರ ಕೆಳಗೆ, ಸುಳ್ಳು ಹೇಳಿಕೆ ಕೊಟ್ಟರೆ ಏನಾಗುತ್ತದೆ ಎಂಬುದು ದಪ್ಪ ಅಕ್ಷರದಲ್ಲಿ.

ನಾನು ಕಂಡಿರಲಿಲ್ಲ. ಪೆನ್ನು ಕೊಟ್ಟದ್ದು ಕಂಡೆ, ಊದುತ್ತಿದ್ದದ್ದು ಕಂಡೆ. ನಡುವೆ ಹಾಲು. ಮನೆಯಲ್ಲಿ ನಮ್ಮಿಬ್ಬರ ಹೊರತು ಯಾರೂ ಇರಲಿಲ್ಲ, ಅವಳಲ್ಲದೆ ಇನ್ನಾರು ಹಾಕುತ್ತಾರೆ? ಆದರೆ ಪ್ರಶ್ನೆ ಅದಲ್ಲವಲ್ಲ. ಪೆನ್ನಿನ ಮುಚ್ಚಳ ತೆಗೆದು, ಹಾಕಿ, ತೆಗೆದು ಎಷ್ಟು ಹೊತ್ತು ಕೂತೆನೋ. ಸೆರೆಯ ಹೆದರಿಕೆ ಇರಲಿಲ್ಲ ಎಂದರೆ ಅದೂ ಸುಳ್ಳು. ಅದೊಂದೇ ಕಾರಣ ಎಂದರೂ ಸುಳ್ಳು. ಒಂದು ವಾರ್ಡಿನ ಚಾದರಕ್ಕೆ ಇನ್ನೊಂದು ವಾರ್ಡಿನ ಗುರುತು ಬರೆದವಳಲ್ಲ ನಾನು. ಕಾಣದ್ದನ್ನು ಕಂಡೆ ಎಂದು ಬರೆಯಲು ಕೈ ಏಳಲಿಲ್ಲ.

ಎರಡು ಚೌಕವನ್ನೂ ಖಾಲಿ ಬಿಟ್ಟು, ಆ ಎರಡು ಗೆರೆಯಲ್ಲಿ ಚಿಕ್ಕದಾಗಿ, ದುಂಡಗೆ ಬರೆದೆ: ಪೆನ್ನು ಕೊಟ್ಟದ್ದು ನಾನೇ, ಆ ಗಳಿಗೆಯಲ್ಲಿ ಹಾಲು ಉಕ್ಕಿದ್ದರಿಂದ ಎದ್ದು ಹೋದೆ, ಮರಳಿ ಬಂದಾಗ ಸಹಿ ಆಗಿತ್ತು, ಶಾಯಿ ಹಸಿಯಿತ್ತು, ಅವರೇ ಹಾಕಿದ್ದೆಂದು ನನಗೆ ಪೂರ್ತಿ ನಂಬಿಕೆಯಿದೆ.

ಗುಮಾಸ್ತೆ ಓದಿದಳು. ಇನ್ನೊಮ್ಮೆ ಓದಿದಳು. ಕನ್ನಡಕ ತೆಗೆದು ಕಣ್ಣುಜ್ಜಿಕೊಂಡಳು.

"ಅಕ್ಕಾ, ಇಲ್ಲಿರೋದು ಹೌದು, ಇಲ್ಲ ಅಂತ ಎರಡೇ ಚೌಕ. ಹಾಲಿಗೆ ಜಾಗ ಇಲ್ಲ."

"ನಡೆದಿದ್ದು ಅದೇ ಅಲ್ವಾ ಮೇಡಂ."

"ನಡೆದಿದ್ದು ಯಾರಿಗೆ ಬೇಕು?" ಎಂದಳು, ಮೆಲ್ಲಗೆ, ಬಾಗಿಲ ಕಡೆ ನೋಡಿ. "ಬೇರೆ ಕಾಗದ ಕೊಡ್ಲಾ?"

ಈಗಲೂ ಆ ಮಾತು ಕಿವಿಯಲ್ಲಿದೆ. ಬೇರೆ ಕಾಗದ ಕೊಡಲಾ ಎಂದು ಅವಳೇ ಕೇಳಿದಳು. ದೊಡ್ಡಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಬೇಡ ಎಂದೆ.

ಹೇಳಿಕೆಯನ್ನು ಮೇಲಿನವರು ನೋಡುತ್ತಾರೆ, ಅಷ್ಟರಲ್ಲಿ ಚುನಾವಣೆ ಬಂದರೆ ಬಂದು ಲಕೋಟೆ ಮತ ಹಾಕಬಹುದು ಎಂದರು. ಎಂದರೆ ಮತವನ್ನು ಲಕೋಟೆಯಲ್ಲಿ ಮುಚ್ಚಿ ಬೇರೆ ಇಡುತ್ತಾರೆ, ಅರ್ಜಿ ಒಪ್ಪಿದರೆ ಮಾತ್ರ ತೆರೆದು ಎಣಿಸುತ್ತಾರೆ.

ಹೊರಗೆ ಮೆಟ್ಟಿಲಿಳಿಯುವಾಗ ಕೈ ಹಿಡಿಯಲು ಹೋದೆ. ಕೊಡವಿದಳು.

"ಒಂದು ಗೀಟು ಕಣೇ. ಆ ಚೌಕದೊಳಗೆ ಒಂದು ಗೀಟು. ಅದು ಆಗ್ಲಿಲ್ವಾ ನಿನ್ನ ಕೈಲಿ?"

"ನಾನು ನೋಡ್ಲಿಲ್ಲ ದೊಡ್ಡಮ್ಮ."

"ನಿಂಗೆ ಜ್ವರ ಬಂದಾಗ ಸಂಜೆ ಶಾಲೆಗೆ ಏನಂತ ಚೀಟಿ ಬರೆಸಿ ಕೊಡ್ತಿದ್ದೆ? ಎಲ್ಲ ಜ್ವರಾನೂ ನಿಜಾನಾ? ನಿಂಗೋಸ್ಕರ ಎಷ್ಟು ಸುಳ್ಳು ಹೇಳಿಲ್ಲ ನಾನು!" ಸ್ವಲ್ಪ ದೂರ ಕುಂಟುತ್ತಾ ನಡೆದು ಮತ್ತೆ ನಿಂತಳು. "ಹೆಬ್ಬೆಟ್ಟು ಒತ್ತುವಾಗ ಯಾರೂ ಒಂದು ಮಾತು ಕೇಳ್ಲಿಲ್ಲ. ಅಕ್ಷರ ಕಲಿತೆ ನೋಡು, ಕಳ್ಳಿ ಆದೆ."

ಮರುದಿನ ಲಾಂಡ್ರಿಯಲ್ಲಿ ಸ್ಪ್ಯಾನರ್ ಅಣ್ಣ ಅವಳ ಹೆಬ್ಬೆರಳು ಹಿಡಿದು ಬೆಳಕಿಗೆ ತಿರುಗಿಸಿ ನೋಡಿ, "ಅಯ್ಯೋ, ಈ ಬೆರಳಿಟ್ಕೊಂಡು ಇಷ್ಟು ದಿನ ಕಳ್ಳತನ ಮಾಡದೆ ಕೂತಿದೀರಲ್ಲ, ಪೊಲೀಸರು ತಲೆ ತಲೆ ಚಚ್ಕೊಳೋರು" ಎಂದ. ಬೇರೆ ದಿನವಾಗಿದ್ದರೆ ಅವಳು ಏನಾದರೂ ತಿರುಗಿಸಿ ಕೊಡುತ್ತಿದ್ದಳು. ಕೈ ಎಳೆದುಕೊಂಡು ಚಾದರಕ್ಕೆ ಬಾಗಿದಳು. ಅವನು ಪೆಚ್ಚಾಗಿ ನನ್ನ ಕಡೆ ನೋಡಿದ. ನಾನು ಪಟ್ಟಿ ಬರೆಯುತ್ತಿದ್ದೆ.

ಅದೇ ವಾರ ಎರಡು ಸಲ ಕಚೇರಿಗೆ ಫೋನು ಮಾಡಿದೆ. ಪರಿಶೀಲನೆಯಲ್ಲಿದೆ ಎಂದರು. ಮೂರನೆಯ ಸಲ ಮಾಡಿದಾಗ, ಫೋನು ಮಾಡಿದರೆ ಪರಿಶೀಲನೆ ಬೇಗ ಆಗುವುದಿಲ್ಲ ಎಂದರು.

ಮತದಾನದ ದಿನ ಪಾಳಿ ಮುಗಿಸಿ ಇಬ್ಬರೂ ಹೋದೆವು. ಮತಗಟ್ಟೆ ಇದ್ದದ್ದು ಶಾಲೆಯೊಂದರ ವ್ಯಾಯಾಮದ ಹಜಾರದಲ್ಲಿ; ನೆಲದ ಮೇಲೆ ಆಟದ ಬಣ್ಣದ ಗೆರೆಗಳು. ನನ್ನದು ಎರಡು ನಿಮಿಷದಲ್ಲಿ ಮುಗಿಯಿತು. ಅವಳನ್ನು ಮೂಲೆಯ ಬೇರೆ ಮೇಜಿಗೆ ಕಳಿಸಿದರು. ಅಲ್ಲಿ ಆರೇಳು ಜನ ಕುರ್ಚಿಯಲ್ಲಿ ಕಾಯುತ್ತಿದ್ದರು: ಮನೆ ಬದಲಿಸಿದವನೊಬ್ಬ, ಮದುವೆಯಾಗಿ ಹೆಸರು ಬದಲಾದವಳೊಬ್ಬಳು, ಗಾಲಿ ಕುರ್ಚಿಯ ಅಜ್ಜನೊಬ್ಬ. ಕಾಯಲಾರದೆ ಇಬ್ಬರು ಎದ್ದು ಹೋದರು. ದೊಡ್ಡಮ್ಮ ಒಂದೂವರೆ ಗಂಟೆ ಮಂಡಿ ನೀವಿಕೊಳ್ಳುತ್ತಾ ಕೂತಳು. ಒಮ್ಮೆಯೂ ನನ್ನ ಕಡೆ ನೋಡಲಿಲ್ಲ, ಹೋಗೋಣ ಎಂದೂ ಅನ್ನಲಿಲ್ಲ.

ಕರೆದಾಗ ನಾನೂ ಜೊತೆಗೆ ಹೆಜ್ಜೆ ಹಾಕಿದೆ. ಈ ಸಲ ಕಣ್ಣು ಮಿಟುಕಿಸದೆ ನೋಡುತ್ತೇನೆ ಎಂದುಕೊಂಡಿದ್ದೆ.

"ನೆರವಿನವರು ಗೆರೆ ದಾಟೋ ಹಾಗಿಲ್ಲ" ಎಂದ ಮೇಜಿನವನು.

"ಲಕೋಟೆ ಮೇಲೆ ಸಹಿ ಹಾಕ್ಲಾ, ಹೆಬ್ಬೆಟ್ಟು ಒತ್ಲಾ?" ದೊಡ್ಡಮ್ಮ ಕೇಳಿದ್ದು ನನಗೂ ಕೇಳಿಸಿತು.

"ಯಾವುದಾದ್ರೂ ಸರಿ. ಬೇಗ ಅಮ್ಮ."

ಯಾವುದಾದರೂ ಸರಿಯಂತೆ. ನನಗೆ ಜೋರಾಗಿ ಕೂಗಬೇಕೆನಿಸಿತು. ಅವಳು ನನಗೆ ಬೆನ್ನು ಹಾಕಿ ಬಹಳ ಹೊತ್ತು ಬಾಗಿ ನಿಂತಿದ್ದಳು. ಭುಜ ಅಲ್ಲಾಡಿದ್ದು ಮಾತ್ರ ಕಂಡಿತು.

ಕಂಡಕ್ಟರಮ್ಮ ಹನ್ನೊಂದು ಮತಗಳಿಂದ ಸೋತಳು. ಫಲಿತಾಂಶದ ಹಾಳೆಯನ್ನು ಗ್ರಂಥಾಲಯದ ಅದೇ ಗೋಡೆಗೆ ಅಂಟಿಸಿದ್ದರು. ನಮ್ಮ ವಾರ್ಡಿನಲ್ಲಿ ಬಂದ ಲಕೋಟೆ ನಲವತ್ತಮೂರು, ತೆರೆದು ಎಣಿಸಿದ್ದು ಹತ್ತೊಂಬತ್ತು. ನಾನು ಆ ಸಾಲನ್ನು ಎಷ್ಟು ಸಲ ಓದಿದೆನೋ. ತಿಂಗಳ ಕೊನೆಗೆ ಐದೂಕಾಲರ ಬಸ್ಸು ನಿಂತಿತು. ದೊಡ್ಡಮ್ಮ ಒಂದು ವಾರ ನಡೆದು ನೋಡಿದಳು. ಎರಡನೆಯ ವಾರ ಮಂಡಿ ಊದಿ ಚಪ್ಪಲಿಯನ್ನೇ ಮೆಟ್ಟಲಾಗಲಿಲ್ಲ. ಕೆಲಸ ಬಿಟ್ಟಳು. ಅವಳ ಜಾಗಕ್ಕೆ ಬಂದವಳ ಚಾದರಗಳಲ್ಲಿ ಸುಕ್ಕು ಬರುತ್ತದೆ ಎಂದು ಆಸ್ಪತ್ರೆಯವರು ದೂರಿದ್ದಾರೆ. ಅದನ್ನು ಹೇಳಿದೆ. "ಕಲೀತಾಳೆ ಬಿಡು" ಎಂದಳು, ಅಷ್ಟೇ.

ನಾನು ಈಗ ನಡೆದೇ ಹೋಗುತ್ತೇನೆ. ಕಚೇರಿಗೂ ಇನ್ನೆರಡು ಸಲ ಹೋದೆ. ಯಾರ ಲಕೋಟೆ ತೆರೆದರು, ಯಾರದು ಇಲ್ಲ ಎಂದು ಹೇಳುವಂತಿಲ್ಲ, ಮತ ಗುಪ್ತ ಎಂದರು. ನಾನು ಯಾರಿಗೆ ಹಾಕಿದಳು ಎಂದು ಕೇಳುತ್ತಿಲ್ಲ, ಎಣಿಸಿದಿರಾ ಎಂದು ಕೇಳುತ್ತಿದ್ದೇನೆ ಎಂದೆ. ಎರಡೂ ಒಂದೇ ಎಂದರು. ತಿರಸ್ಕರಿಸಿದ್ದರೆ ಪತ್ರ ಬರುತ್ತದೆ ಎಂದರು. ನಾಲ್ಕು ತಿಂಗಳಾಯಿತು, ಪತ್ರ ಬಂದಿಲ್ಲ. ಗುಮಾಸ್ತೆಗೆ ವರ್ಗವಾಗಿದೆ.

ಹಾಗಾಗಿ ಆ ಹತ್ತೊಂಬತ್ತರಲ್ಲಿ ದೊಡ್ಡಮ್ಮನದು ಸೇರಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಉಳಿದ ಇಪ್ಪತ್ತನಾಲ್ಕು ಲಕೋಟೆಯವರು ಯಾರಿಗೆ ಹಾಕಿದ್ದರೋ ಗೊತ್ತಿಲ್ಲ. ಲಕೋಟೆಯ ಮೇಲೆ ಅವಳು ಸಹಿ ಹಾಕಿದಳೋ, ಹೆಬ್ಬೆಟ್ಟು ಒತ್ತಿದಳೋ ಎಂದು ಒಮ್ಮೆ ಕೇಳಿದೆ. ಅವಳು ಹೇಳಲಿಲ್ಲ.